ಇಸಗೊಂಡೆ, ಕಸಗೊಂಡೆ

ಕಟಕಟೆಯಲ್ಲಿ ನಿಂತವನು ಮಾತು ಮುಗಿಸಿದ ಕೂಡಲೇ ದುಭಾಷಿ ರಾಯರ ಬಡಕಲು ಕೊರಳಿನ ಗಂಟು ಒಮ್ಮೆ ಮೇಲಕ್ಕೆ ಹೋಗಿ ಕೆಳಗಿಳಿಯುತ್ತಿತ್ತು. ಎಂಜಲು ನುಂಗಿ, ಕರಿ ಕೋಟಿನ ಮೇಲಿನ ಗುಂಡಿ ಹಿಡಿದುಕೊಂಡು, ಆಮೇಲೆ ಅವನು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಷ್ಟು ಹೊತ್ತು ನನ್ನ ಬೆರಳು ಟೈಪ್‌ರೈಟರ್ ಮೇಲೆ ಕಾಯುತ್ತಿದ್ದವು. ಕಟಕಟೆಯವನೂ ಅವರ ಕೊರಳನ್ನೇ ನೋಡುತ್ತಿದ್ದ. ಪಾಪ, ತನ್ನ ಮಾತು ಅಲ್ಲಿಂದ ಏನಾಗಿ ಹೊರಗೆ ಬರುತ್ತದೋ ಅವನಿಗೇನು ಗೊತ್ತು?

ಇದು ಎಮರ್ಜೆನ್ಸಿಗೆ ಒಂದು ವರ್ಷ ಮೊದಲಿನ ಮಾತು. ಮುಂಬಯಿ ಉಪನಗರದ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾನು ಟೆಂಪರರಿ ಟೈಪಿಸ್ಟ್. ಯಾವ ಕೋರ್ಟೆಂದು ಹೇಳುವುದಿಲ್ಲ, ಕೇಳಲೂಬೇಡಿ. ಕಿಟಕಿಯ ಆಚೆಗೆ ಲೋಕಲ್ ಹಳಿ. ಗಾಡಿ ಹೋದಾಗಲೆಲ್ಲ ಮೇಜಿನ ಮೇಲಿನ ಲೋಟ ನಡುಗುತ್ತಿತ್ತು. ನಮ್ಮಪ್ಪ ಧಾರವಾಡದ ಕಡೆಯಿಂದ ಬಂದು ಘಾಟ್ಕೋಪರಿನ ಚಾಳಿನಲ್ಲಿ ಮನೆ ಮಾಡಿದವರು. ನಾನು ಹುಟ್ಟಿದ್ದು ಮುಂಬಯಿಯಲ್ಲೇ ಆದರೂ ಮನೆಯೊಳಗಿನ ಮಾತು ಮಾತ್ರ ಧಾರವಾಡದ್ದೇ. ರಾಯರು ಉಡುಪಿ ಕಡೆಯವರು, ಬೊರಿವಲಿಯಿಂದ ಬರುತ್ತಿದ್ದರು. ಹದಿನೆಂಟು ವರ್ಷದಿಂದ ಕನ್ನಡ, ತುಳು, ಕೊಂಕಣಿ ಮೂರಕ್ಕೂ ಅವರೇ ದುಭಾಷಿ.

ಅವರಷ್ಟು ಹಟದ ಮನುಷ್ಯನನ್ನು ನಾನು ನೋಡಿಲ್ಲ. ಸಾಕ್ಷಿ ಬೈದರೆ ಆ ಬೈಗುಳವನ್ನೂ, ಅದರೊಳಗಿನ ಅವ್ವನ ಸಮೇತ, ಮುಖ ಕೆಂಪಾಗಿಸದೆ ಇಂಗ್ಲಿಷಿಗೆ ಇಳಿಸುತ್ತಿದ್ದರು. ನಾನು ನಾಚಿಕೊಂಡು ಟೈಪ್ ಮಾಡುವಾಗ "ಎಂತ ಮಾರಾಯ್ತಿ, ಸ್ಪೆಲ್ಲಿಂಗ್ ಬೇಕಾ?" ಎಂದು ಮೆಲ್ಲಗೆ ಕೆಣಕುವುದು ಬೇರೆ. ಸಾಕ್ಷಿ ತೊದಲಿದರೆ ಇವರೂ ತೊದಲಿಯೇ ಹೇಳುತ್ತಿದ್ದರು. "ಅಂದರೆ ಇವನ ಅರ್ಥ ಏನು?" ಎಂದು ಮ್ಯಾಜಿಸ್ಟ್ರೇಟರು ಕೇಳಿದರೆ ಒಂದೇ ಉತ್ತರ: "ಅದು ಅವನು ಹೇಳಿಲ್ಲ ಸಾರ್." ನಮ್ಮ ಮ್ಯಾಜಿಸ್ಟ್ರೇಟರೋ, ನಡುವೆ ಯಾರಾದರೂ ಬಾಯಿ ಹಾಕಿದರೆ ಪೆನ್ನು ಕೆಳಗಿಟ್ಟು ಸುಮ್ಮನೆ ದಿಟ್ಟಿಸುವವರು. ಆ ನೋಟಕ್ಕೆ ವಕೀಲರೇ ಬೆವರುತ್ತಿದ್ದರು.

ಸುಲಿಗೆ ಕೇಸುಗಳು ಹೇಗೆ ಮುಗಿಯುತ್ತಿದ್ದವು ಅಂತ ಹೇಳಬೇಕು. ನೀವೆಲ್ಲ ಸಾಕ್ಷಿ, ವಾದ, ತೀರ್ಪು ಅಂದುಕೊಂಡಿರುತ್ತೀರಿ. ಅಯ್ಯೋ, ಅದೆಲ್ಲ ಎಲ್ಲಿ ಬಂತು? ಗಡಿಯಾರ ಕಳಕೊಂಡವನು ಒಂದು ಸಲ ಬರುತ್ತಾನೆ, ಎರಡು ಸಲ ಬರುತ್ತಾನೆ, ಆಮೇಲೆ ಕೆಲಸ ಬಿಟ್ಟು ಬರಲಾರದೆ ತಪ್ಪಿಸಿಕೊಳ್ಳುತ್ತಾನೆ. ತಾರೀಕಿನ ಮೇಲೆ ತಾರೀಕು ಬೀಳುತ್ತದೆ. ಜಾಮೀನು ಕೊಡುವವರಿಲ್ಲದೆ ಆರೋಪಿ ಒಳಗೇ ಕೊಳೆಯುತ್ತಾನೆ. ಆಗ ವರಾಂಡದಲ್ಲಿ ಹವಾಲ್ದಾರ ಅವನ ಕಿವಿಯ ಹತ್ತಿರ ಬಗ್ಗುತ್ತಾನೆ: "ಕಬೂಲ್ ಕರ್. ಛೂಟ್ ಜಾಯೇಗಾ." ಒಪ್ಪಿಕೋ, ಬಿಡುಗಡೆಯಾಗುತ್ತೀಯ ಅಂತ. ಹತ್ತರಲ್ಲಿ ಏಳು ಕೇಸು ಕಬೂಲ್ ಎಂಬ ಆ ಒಂದು ಶಬ್ದದಲ್ಲಿ ಮುಗಿಯುತ್ತಿದ್ದವು.

ಆ ಗುರುವಾರ ಕಟಕಟೆಗೆ ಬಂದವನು ಗೋರೆಗಾಂವ್‌ನ ಬಿಲ್ಡಿಂಗ್ ಕೆಲಸದ ಗೌಂಡಿ, ಕಲಬುರ್ಗಿ ಕಡೆಯವನು. ಉಗುರಿನಲ್ಲಿ ಇನ್ನೂ ಸಿಮೆಂಟು. ಸ್ಟೇಶನ್ನಿನಲ್ಲಿ ಒಬ್ಬ ಪ್ಯಾಸೆಂಜರನ ಕೈಗಡಿಯಾರ ಕಿತ್ತುಕೊಂಡ ಎಂದು ಕೇಸು. ಗಡಿಯಾರ ಸಿಕ್ಕಿದ್ದು ಇವನ ಕೈಯಲ್ಲಿ. ವಕೀಲನಿಲ್ಲ. ತಪ್ಪು ಒಪ್ಪುತ್ತೀಯಾ ಎಂದು ಮ್ಯಾಜಿಸ್ಟ್ರೇಟರು ಕೇಳಿದ್ದನ್ನು ರಾಯರು ಕನ್ನಡದಲ್ಲಿ ಹೇಳಿದರು. ಅವನು ಕೈ ಮುಗಿದ.

"ಹೌದ್ರೀ ಸಾಹೇಬ್ರ. ಗಡಿಯಾರ ನಾ ಅವನ ಕೈಯಾಗಿಂದ ಇಸಗೊಂಡಿದ್ದು ಖರೇ ಐತ್ರೀ. ಮತ್ತ ಅಂವಾ..."

ಅಷ್ಟರಲ್ಲಿ ಫಾಸ್ಟ್ ಲೋಕಲ್ ಒಂದು ಕಿಟಕಿ ನಡುಗಿಸಿಕೊಂಡು ಹೋಯಿತು. ಸಾಕು ಎಂದು ಮ್ಯಾಜಿಸ್ಟ್ರೇಟರು ಕೈ ಎತ್ತಿದರು. ಅಂದಿನ ಕೇಸುಗಳ ಪಟ್ಟಿ ಹಾಕುವ ಬೋರ್ಡಿನಲ್ಲಿ ಇನ್ನೂ ಇಪ್ಪತ್ತು ಬಾಕಿ ಇದ್ದವು. ರಾಯರ ಕೊರಳಿನ ಗಂಟು ಮೇಲೆ ಹೋಗಿ ಕೆಳಗಿಳಿಯಿತು. ಹೌದು, ಗಡಿಯಾರವನ್ನು ನಾನು ಅವನ ಕೈಯಿಂದ ಕಿತ್ತುಕೊಂಡೆ, ಎಂದರು ಇಂಗ್ಲಿಷಿನಲ್ಲಿ.

ನನ್ನ ಬೆರಳು ನಿಂತವು. ಅವನು ಅಂದದ್ದು ಇಸಗೊಂಡೆ. ಯಾರೋ ಕೊಟ್ಟರು, ನಾನು ಕೈಚಾಚಿ ತಗೊಂಡೆ ಅಂತ. ನಮ್ಮವ್ವ ದಿನಕ್ಕೆ ಹತ್ತು ಸಲ ಅನ್ನುವ ಮಾತು, "ಹಾಲಿನವನ ಕಡಿಂದ ಹಾಲ ಇಸಗೋ" ಅಂತ. ರಾಯರು ಕೇಳಿಸಿಕೊಂಡದ್ದು ಕಸಗೊಂಡೆ, ಕಿತ್ತುಕೊಂಡೆ ಅಂತ. ಒಂದೇ ಅಕ್ಷರ. ಕರಾವಳಿಯವರ ಬಾಯಲ್ಲಿ ಆ ಇಸಗೊಳ್ಳುವುದು ಅಪರೂಪ. ಮೇಲಾಗಿ ಕೇಸು ಸುಲಿಗೆಯದು, ಕಿವಿಗೆ ಕಸಗೊಂಡೆ ಅಂತಲೇ ಬೀಳುತ್ತದೆ. ನಾನು ಎದ್ದು ಹೇಳಬೇಕಿತ್ತು. ಮ್ಯಾಜಿಸ್ಟ್ರೇಟರ ಪೆನ್ನು ನೋಡಿದೆ. ನನ್ನ ಕೆಲಸ ಇನ್ನಾರು ತಿಂಗಳು ಮುಂದುವರಿಸುವ ಕಾಗದ ಅವರ ಸಹಿಗೆ ಕಾದಿತ್ತು. ಟೈಪ್ ಮಾಡಿದೆ. ಶಿಕ್ಷೆ ಸೋಮವಾರ ಹೇಳುತ್ತೇವೆ ಎಂದು ಅವನನ್ನು ಕೆಳಗೆ ಕಳಿಸಿದರು.

ಅವತ್ತು ಮನೆಯಲ್ಲಿ ಊಟ ಸೇರಲಿಲ್ಲ. ಶುಕ್ರವಾರ ಊಟದ ಹೊತ್ತಿಗೆ ಮೆಟ್ಟಿಲ ಕೆಳಗೆ ರಾಯರು ಡಬ್ಬಿ ಬಿಚ್ಚಿದಾಗ ಹೇಳಿಬಿಟ್ಟೆ.

ಅವರು ಇಡ್ಲಿ ಮುರಿದ ಕೈ ಹಾಗೇ ಹಿಡಿದು ಕೂತರು. "ನೀನು ನಿನ್ನೆಯೇ ಕೇಳಿದ್ದಾ?"

"ಹೂಂರೀ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಡಬ್ಬಿ ಮುಚ್ಚಿ ಎದ್ದು ಗೇಟಿನ ಹತ್ತಿರ ಹೋದರು. ನಾನು ಹಿಂದೆ ಹೋದೆ. ಅಲ್ಲಿ ಗೌಂಡಿಯ ಹೆಂಡತಿ ಮೂರು ದಿನದಿಂದ ಕೂತಿದ್ದಳು, ಮಡಿಲಲ್ಲಿ ಒಗೆದು ಮಡಿಸಿದ ಒಂದು ಅಂಗಿ. ರಾಯರು ಕೇಳಿದಾಗ ಅವಳು ಎಲ್ಲ ಹೇಳಿದಳು. ಗಂಡನ ಜೊತೆಗೆ ಕೆಲಸ ಮಾಡುವವನೊಬ್ಬ ಸ್ಟೇಶನ್ನಿನಲ್ಲಿ ಓಡಿ ಬಂದು, ಹಿಡಕೊ ಅಂತ ಗಡಿಯಾರ ಕೈಯಲ್ಲಿಟ್ಟು ಗುಂಪಿನಲ್ಲಿ ಮಾಯವಾದನಂತೆ. "ನಮ್ಮಾಂವ ಖರೇ ಹೇಳ್ಯಾನಂತ್ರೀ. ಸೋಮಾರ ಬಿಡತಾರಂತ ಹವಾಲ್ದಾರ ಅಂದಾನ್ರೀ" ಎಂದು ಅಂಗಿಯನ್ನು ಎತ್ತಿ ತೋರಿಸಿದಳು. ಅವಳ ಮುಖದಲ್ಲಿದ್ದ ಸಂತೋಷ ನನ್ನಿಂದ ನೋಡಲಾಗಲಿಲ್ಲ.

ವಾಪಸ್ಸು ಬರುವಾಗ ರಾಯರು ಒಂದೇ ಮಾತು ಆಡಿದರು: "ಹದಿನೆಂಟು ವರ್ಷದಲ್ಲಿ ಇಂಥದ್ದು ಎಷ್ಟು ಆಗಿರಬಹುದು ಮಾರಾಯ್ತಿ?"

ಮ್ಯಾಜಿಸ್ಟ್ರೇಟರು ರಜೆಯ ಮೇಲೆ ಹೋಗಿದ್ದರು. ಸೋಮವಾರದವರೆಗೆ ಮಾಡುವಂಥದ್ದು ಏನೂ ಇರಲಿಲ್ಲ. ನನಗೆ ಗೊತ್ತಿತ್ತು, ಶಿಕ್ಷೆ ಬರೆದು ಸಹಿ ಬಿದ್ದರೆ ಅದನ್ನು ತಿದ್ದಲು ಆ ಕೋರ್ಟಿಗೇ ಅಧಿಕಾರವಿಲ್ಲ. ಸೋಮವಾರ ಗೌಂಡಿಯನ್ನು ತಂದು ನಿಲ್ಲಿಸಿದರು. ಒಂದೂವರೆ ವರ್ಷ ಕಠಿಣ ಶಿಕ್ಷೆ ಎಂದು ಬರೆದ ಹಾಳೆ ಮೇಜಿನ ಮೇಲಿತ್ತು, ಸಹಿ ಒಂದು ಬಾಕಿ. ರಾಯರು ಎದ್ದರು.

"ಸಾರ್, ಗುರುವಾರ ನಾನು ತಪ್ಪು ಹೇಳಿದೆ."

ಪೆನ್ನು ಕೆಳಗೆ ಬಂತು. ರಾಯರು ಎರಡೂ ಶಬ್ದ ಹೇಳಿ ಅರ್ಥ ಬಿಡಿಸಿದರು. ಮ್ಯಾಜಿಸ್ಟ್ರೇಟರು ಬಹಳ ಹೊತ್ತು ಅವರನ್ನೇ ದಿಟ್ಟಿಸಿದರು. ನಾಲ್ಕು ದಿನ ಕಳೆದ ಮೇಲೆ ಇದು ಹೇಗೆ ಹೊಳೆಯಿತು ಎಂದರು. ಯಾರಾದರೂ ಹೇಳಿಕೊಟ್ಟರೋ ಎಂದರು. ಆಮೇಲೆ ಆ ಕಣ್ಣು ನನ್ನ ಕಡೆ ತಿರುಗಿತು. "ಟೈಪಿಸ್ಟ್ ನಿಮ್ಮ ಕಡೆಯವಳಲ್ಲವೆ? ಅವಳೂ ಕೇಳಿದ್ದಳೋ?"

ಕೇಳಿಯೂ ತಪ್ಪು ದಾಖಲೆ ಟೈಪ್ ಮಾಡಿದವಳಿಗೆ ಏನಾಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಅವಳು ಮುಂಬಯಿಯಲ್ಲೇ ಹುಟ್ಟಿದವಳು ಸಾರ್" ಎಂದರು ರಾಯರು. "ಅವಳಿಗೆ ಕನ್ನಡ ಬರುವುದಿಲ್ಲ."

"ಹೌದೇ?" ಎಂದು ನನ್ನನ್ನೇ ಕೇಳಿದರು.

"ಯೆಸ್ ಸರ್" ಎಂದೆ. ಅದನ್ನೂ ನಾನೇ ಟೈಪ್ ಮಾಡಿದೆ.

ಗೌಂಡಿಯ ಒಪ್ಪಿಗೆ ರದ್ದಾಯಿತು, ಕೇಸು ನಡೆಯಿತು. ನಾಲ್ಕು ತಿಂಗಳ ಮೇಲೆ ಗಡಿಯಾರದ ಒಡೆಯ ಬಂದು ಇವನಲ್ಲ ಎಂದ, ಬಿಟ್ಟರು. ರಾಯರಿಗೆ ಮಾತ್ರ ತಪ್ಪು ಒಪ್ಪಿಕೊಂಡ ಆ ವಾರವೇ ಕಾಗದ ಬಂದಿತ್ತು, ಇನ್ನು ನಿಮ್ಮ ಸೇವೆ ಬೇಕಿಲ್ಲ ಅಂತ. ವಿದಾಯ ಗಿದಾಯ ಏನೂ ಇಲ್ಲ. ಕೋಟು ಮಡಿಸಿ ಬಗಲಿಗೆ ಸಿಕ್ಕಿಸಿಕೊಂಡು ಹೋದರು. ನಾನು ಪರ್ಮನೆಂಟ್ ಆದೆ. ಥೂ, ಅದಕ್ಕೆ ಕೋರ್ಟಿನಲ್ಲಿ ಪೇಡೆ ಹಂಚಿದ್ದು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅವರ ಜಾಗಕ್ಕೆ ಬಂದ ಹೊಸಬನಿಗೆ ಕನ್ನಡ ಸಂತೆಯಲ್ಲಿ ತರಕಾರಿ ಕೊಳ್ಳುವಷ್ಟು. ಗೊತ್ತಿಲ್ಲದ್ದನ್ನು ನುಂಗುತ್ತಿದ್ದ, ಬೇಕಾದ್ದನ್ನು ಸೇರಿಸುತ್ತಿದ್ದ. ಹೋಟೆಲಿನ ಸಪ್ಲೈಯರ್ ಒಬ್ಬ "ಅವನೇ ಹೊಡೀಲಿಕ್ಕೆ ಬಂದ, ನಾನು ದೂಡಿದೆ" ಎಂದದ್ದರಲ್ಲಿ ಮೊದಲ ಅರ್ಧ ಇಂಗ್ಲಿಷಿಗೆ ಬರಲೇ ಇಲ್ಲ. ಸಪ್ಲೈಯರ್ ಒಳಗೆ ಹೋದ. ನನಗೆ ಎಲ್ಲ ಕೇಳಿಸುತ್ತಿತ್ತು, ಒಂದೊಂದು ಅಕ್ಷರವೂ. ಆದರೆ ಕನ್ನಡ ಬರದವಳಿಗೆ ತಪ್ಪು ಹೇಗೆ ಗೊತ್ತಾಗಬೇಕು? ಬಾಯಿ ಬಿಟ್ಟರೆ ನಾನೊಬ್ಬಳೇ ಅಲ್ಲ, ರಾಯರೂ ಸುಳ್ಳುಸಾಕ್ಷಿಯ ಕೇಸಿಗೆ ಸಿಕ್ಕಿಬೀಳುತ್ತಾರೆ. ಹಾಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಾಗೆ ಎಷ್ಟು ಜನ ಒಳಗೆ ಹೋದರೋ ಲೆಕ್ಕ ಇಡಲಿಲ್ಲ.

ಮೂರು ವರ್ಷದ ಮೇಲೆ ರಾಯರು ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದು ಒಂದು ಶನಿವಾರ ಬೊರಿವಲಿಗೆ ಹೋದೆ. ಮಾತಾಡಲು ಉಸಿರು ಸಾಲುತ್ತಿರಲಿಲ್ಲ. ಅವರ ಹೆಂಡತಿ ಚಾ ತರಲು ಒಳಗೆ ಹೋದದ್ದನ್ನು ನೋಡಿ ನನ್ನನ್ನು ಹತ್ತಿರ ಕರೆದರು.

"ಹೊಸಬ ಹೇಗೆ? ಸರಿಯಾಗಿ ಹೇಳ್ತಾನಾ?"

ನಾನು ಜಾರಿದ್ದ ಹೊದಿಕೆಯನ್ನು ಅವರ ಎದೆಯವರೆಗೆ ಎಳೆದೆ.

"ಭಾಳ ಚಲೋ ಹೇಳ್ತಾರ್ರೀ" ಎಂದೆ. "ಒಂದ್ ಅಕ್ಷರ ತಪ್ಪಂಗಿಲ್ಲ."

ಅವರು ಕಣ್ಣು ಮುಚ್ಚಿದರು. "ಒಳ್ಳೆದಾಯ್ತು ಮಾರಾಯ್ತಿ. ನಿನ್ನ ಬಾಯಿ ಕಟ್ಟಿಬಿಟ್ಟೆನಾ ಅಂತ ನನಗೊಂದು ಹೆದರಿಕೆ ಉಂಟು."

ಮರುದಿನ ಹೋಗಿಬಿಟ್ಟರು. ಸೋಮವಾರ ಬೋರ್ಡಿನಲ್ಲಿ ಮೂರು ಕನ್ನಡದ ಕೇಸುಗಳಿದ್ದವು, ಎರಡು ಸುಲಿಗೆಯವು. ಹತ್ತೂವರೆಗೆ ಹೋಗಿ ಕೂತು, ಹೊಸಬ ಏನು ಹೇಳಿದನೋ ಅದನ್ನೇ ಟೈಪ್ ಮಾಡಿದೆ.