ಹನೂರಿನ ಮೇಸ್ತ್ರಿ ಹೊಡೆದ ಒಂದು ರೌಂಡು

ತೊಂಬತ್ತರ ದಶಕದಲ್ಲಿ, ಕೊಳ್ಳೇಗಾಲದ ಬಾಡಿಗೆ ರೂಮಿನಲ್ಲಿ ಮೂರು ತಿಂಗಳು ಕೂತು ನಾನೇ ಒಂದು ರೇಸ್ ಸೈಕಲ್ ಜೋಡಿಸಿದೆ. ಮೈಸೂರಿನ ಗುಜರಿಯಲ್ಲಿ ಸಿಕ್ಕಿದ ಹಗುರ ಫ್ರೇಮು, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಬೆರಳು ದಪ್ಪದ ಟೈರು. ಮೊದಲ ಭಾನುವಾರವೇ ಹನೂರಿಗೆ ಹೊರಟೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದೆ.

ಊರು ಮುಟ್ಟುವಷ್ಟರಲ್ಲಿ ಹಿಂದಿನ ಚಕ್ರದ ನಟ್ಟು ಸಡಿಲವಾಯಿತು. ಸೈಕಲ್ ಶಾಪಿನಲ್ಲಿ ಸ್ಪ್ಯಾನರ್ ಕೇಳಿದೆ. ಅರವತ್ತು ದಾಟಿದ ಮೇಸ್ತ್ರಿ ನನ್ನ ಸೈಕಲ್ಲನ್ನು ಒಂದು ಸುತ್ತು ನೋಡಿ ಕನಿಕರಪಟ್ಟರು.

"ಮಡ್ಗಾರ್ಡು, ಕ್ಯಾರಿಯರ್ರು ಎಲ್ಲಾನೂ ಯಾರ್ ಸಾ ಬಿಚ್ಕಂಡೋದೋರು?"

"ನಾನೇ ಹಾಕಿಲ್ಲ ಯಜಮಾನ್ರೇ. ಹಗುರ ಇದ್ರೆ ಸ್ಪೀಡು."

ಒಂದೇ ಕೈಯಲ್ಲಿ ಎತ್ತಿ ನೋಡಿದರು. ಕಣ್ಣರಳಿತು. ನಟ್ಟು ಬಿಗಿದು, "ಒಂದ್ ರೌಂಡು ಓಗ್ ಬತ್ತೀನಿ, ಅಂಗ್ಡಿ ನೋಡ್ಕಂಡಿರಿ ಸಾ" ಅಂದವರೇ ಪಂಚೆ ಎತ್ತಿ ಕಟ್ಟಿ ಬಾಣದಂತೆ ಹೋದರು.

ಅರ್ಧ ಗಂಟೆಯಾದರೂ ಪತ್ತೆಯಿಲ್ಲ. ರಸ್ತೆಗಿಳಿದು ಎರಡೂ ಕಡೆ ನೋಡಿ ಬಂದೆ. ಅಷ್ಟರಲ್ಲಿ ರೈತರೊಬ್ಬರು ಪಂಕ್ಚರಾದ ಸೈಕಲ್ ತಳ್ಳಿಕೊಂಡು ಬಂದು, "ಬಿರ್ರನೆ ಆಕ್ಕೊಡಪ್ಪ ಮೇಸ್ತ್ರಿ" ಅಂದರು. ಇನ್ನೇನು ಮಾಡಲಿ? ನೀರಲ್ಲಿ ಟ್ಯೂಬು ಅದ್ದಿ, ತೂತು ಹುಡುಕಿ, ತೇಪೆ ಹಾಕಿ ಕಳಿಸಿದೆ.

ಗಂಟೆಯ ಮೇಲೆ ಮೇಸ್ತ್ರಿ ಬೆವರು ಸುರಿಸುತ್ತ, ಮಗುವಿನಂತೆ ನಗುತ್ತ ಬಂದರು.

"ಬೀಗ್ರ ಊರ್ ತಂಕ ಓಗ್ಬುಟ್ಟೆ ಸಾ! ಕಾಪಿ ಕುಡ್ಕಂಡೋಗಿ ಅಂತ ಕೂಗುದ್ರು. ನಿಲ್ಸಕ್ಕೇ ಮನಸ್ ಬರ್ನಿಲ್ಲ!"

ಬೈಯಲು ತೆರೆದ ನನ್ನ ಬಾಯಿ ನಗುವಿಗೆ ತಿರುಗಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನಾನು ಹಾಕಿದ ತೇಪೆ ಎಷ್ಟು ದೂರ ತಾಳಿತೋ ತಿಳಿಯದು. ಆ ರೈತರು ಎದುರಾದರೆ ಕಷ್ಟವೆಂದು ಮುಂದಿನ ಭಾನುವಾರಗಳಲ್ಲಿ ಹನೂರಿನ ದಾರಿ ಬಿಟ್ಟು ಯಳಂದೂರಿನ ಕಡೆಗೇ ಹೋಗುತ್ತಿದ್ದೆ.