ಬಾಯಿ ಮುಚ್ಚಿಸಿದ ಎಚ್ಚರಿಕೆ

ಟವೆಲ್ ಹೊಲಿಯುವ ಲೈನಿನ ಹೆಂಗಸರಿಗೆ ಒಂದು ತಿಂಗಳು ಕಡಿದ ಕೂಲಿ ಇನ್ನೂ ಬರಬೇಕು. ಅದನ್ನು ನುಂಗಿದವನು ಮ್ಯಾನೇಜರ್. ನುಂಗಲು ದಾರಿ ಮಾಡಿಕೊಟ್ಟವನು, ಕಂಪ್ಯೂಟರ್ ನೋಡಿಕೊಳ್ಳುವವನು; ಇಡೀ ಕಾರ್ಖಾನೆ ಅವನನ್ನು 'ಸಿಸ್ಟಂ' ಎಂದೇ ಕರೆಯುತ್ತದೆ.

ಕೆಟ್ಟವನಲ್ಲ, ಪುಕ್ಕಲ. ಅಣ್ಣ ಅತ್ತಿಗೆಯ ಮನೆಯಲ್ಲೇ ಇದ್ದ. ಈ ಕೆಲಸ ಕೊಡಿಸಿದವಳೂ ಅತ್ತಿಗೆಯೇ. ಅದೇ ಲೈನಿನಲ್ಲಿ ಎಲ್ಲರಿಗಿಂತ ಚುರುಕಾಗಿ ಹೊಲಿಯುವವಳು.

ಹೊಲಿದ ಪ್ರತಿ ಕಟ್ಟಿನ ಚೀಟಿಯನ್ನು ಸ್ಕ್ಯಾನರಿಗೆ ಹಿಡಿಯಬೇಕು. ಸಿಸ್ಟಂನ ಕೋಣೆಯಲ್ಲಿರುವ ಸರ್ವರ್ ಒಪ್ಪಿಕೊಂಡರೆ 'ಬೀಪ್' ಅನ್ನುತ್ತದೆ. ಬೀಪ್ ಆದದ್ದಕ್ಕೆ ಮಾತ್ರ ಕೂಲಿ. ಬೀಪ್ ಆಗುವತನಕ ಮುಂದಿನ ಕಟ್ಟು ಮುಟ್ಟುವಂತಿಲ್ಲ.

ಬಿಸಿಲು ಏರುತ್ತಿದ್ದಂತೆ ಆ ಸರ್ವರಿನ ಪರದೆಯ ಮೇಲೆ ಎಚ್ಚರಿಕೆಗಳು ಸುರಿಯತೊಡಗಿದವು: ಪ್ರೊಸೆಸರ್ ಬಿಸಿ ಮಿತಿ ಮೀರಿದೆ, ವೇಗ ಇಳಿದಿದೆ. ಪ್ರೊಸೆಸರ್ ಸುಟ್ಟುಹೋಗದಿರಲೆಂದು ತಾನೇ ನಿಧಾನವಾಗುತ್ತದೆ; ಅದನ್ನು ಕಂಡು ಕೂಗಿ ಹೇಳುವ ಒಳಗಿನ ಮೇಸ್ತ್ರಿಯೇ ಕರ್ನಲ್.

"ಏನಯ್ಯಾ ಇದು, ಪರದೆ ತುಂಬಾ ಕೆಂಪು ಕೆಂಪು?" ಎಂದ ಮ್ಯಾನೇಜರ್. "ಮಾಲ್ ಕೊಳ್ಳೋರು ನೋಡೋಕೆ ಬರ್ತಾರೆ. ತೆಗಿ ಅದನ್ನ."

"ಪೆಟ್ಟಿಗೆ ಬಿಚ್ಚಿ ನೋಡ್ಬೇಕು ಸಾರ್. ಅರ್ಧ ಗಂಟೆ ಲೈನ್ ನಿಲ್ಸಿದ್ರೆ..."

"ಲೈನ್ ನಿಲ್ಸಿದ್ರೆ ನಿನ್ ಕೆಲ್ಸಾನೂ ನಿಲ್ಸ್ತೀನಿ."

ಆ ಎಚ್ಚರಿಕೆಗಳು ಪರದೆಗೆ ಬಾರದಂತೆ ಸಿಸ್ಟಂ ಮಾಡಿದ. ಸೆಕೆ ಇಳಿಯಲೆಂದು ತನ್ನ ಕೋಣೆಯ, ಹೊಲಿಗೆ ಹಾಲಿನ ಕಡೆಗಿದ್ದ ಬಾಗಿಲು ತೆರೆದು, ಮುಚ್ಚಿಕೊಳ್ಳದಂತೆ ಇಟ್ಟಿಗೆ ಒಡ್ಡಿ, ಕೈ ತೊಳೆದುಕೊಂಡ.

ಬೀಪ್ ದಿನದಿಂದ ದಿನಕ್ಕೆ ತಡವಾಯಿತು. "ಸಿಸ್ಟಂ ಅಣ್ಣಾ, ನಿನ್ ಪೆಟ್ಟಿಗೆ ಉಂಡು ಮಲಗಿದ್ಯಾ?" ಎಂದು ಹೆಂಗಸರು ಕಿಚಾಯಿಸಿದರು.

"ಅದು ಸರಿಯಾಗೇ ಇದೆ. ನಿಮ್ ಬಾಯಿ ನಿಧಾನ ಮಾಡಿ, ಕೈ ತಾನೇ ಜೋರಾಗತ್ತೆ!"

ಮ್ಯಾನೇಜರಿಗೆ ಆ ಮಾತು ಬಹಳ ಹಿಡಿಸಿತು. ಹರಟೆ ಹೊಡೆಯುತ್ತಾರೆಂದು ಎಲ್ಲರ ಕೂಲಿ ಕಡಿದ. ಹೆಚ್ಚು ಕಟ್ಟು ಮುಗಿಸುತ್ತಿದ್ದವಳು ಅತ್ತಿಗೆ. ಹಾಗಾಗಿ ಹೆಚ್ಚು ಕುಸಿದದ್ದೂ ಅವಳ ಲೆಕ್ಕವೇ. ಅವಳನ್ನು ಮಿಷನ್ನಿನಿಂದ ಎಬ್ಬಿಸಿ, ದಾರದ ತುದಿ ಕತ್ತರಿಸಲು ಕೂರಿಸಿದ.

ಒಂದು ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ಕೈಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು.

"ಕೈ ಸೋತೋಯ್ತು ಕಣೋ. ಇಷ್ಟು ಬೇಗ ಮುದುಕಿ ಆಗ್ತೀನಿ ಅಂದ್ಕೊಂಡಿರ್ಲಿಲ್ಲ. ನೀನೂ ಅಲ್ಲೇ ಇರ್ತೀಯಲ್ಲ, ನಿಜ ಹೇಳು, ಅಷ್ಟೊಂದು ನಿಧಾನ ಆಗಿದ್ದೀನಾ?"

ಎದುರಿಗೆ ಕೂತು ಉಣ್ಣುತ್ತಿದ್ದ ಅವನು ತಟ್ಟೆ ನೋಡಿದ, ಅವಳ ಮುಖ ನೋಡಲಿಲ್ಲ.

ಮರುದಿನ ಯಾರನ್ನೂ ಕೇಳದೆ ಕರ್ನಲ್ ಒಳಗೇ ಬರೆದಿಟ್ಟಿದ್ದ ದಾಖಲೆ ತೆರೆದ. ಪರದೆಗೆ ಬಾರದಿದ್ದರೂ ಅದು ತಿಂಗಳಿಡೀ ಕೂಗುತ್ತಲೇ ಇತ್ತು. ಪ್ರೊಸೆಸರ್ ಕಾಲು ಭಾಗದ ವೇಗದಲ್ಲಿ ತೆವಳುತ್ತಿತ್ತು. ಲೈನ್ ನಿಲ್ಲಿಸಿ, ಸ್ಕ್ರೂ ಬಿಚ್ಚಿದ. ಫ್ಯಾನಿನ ಕೆಳಗೆ, ಬಿಸಿ ಹೊರಹಾಕುವ ತಗಡುಗಳ ಮೇಲೆ, ಟವೆಲಿನ ನೂಲಿನ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಗಾಳಿಗೆಂದು ತಾನೇ ತೆರೆದಿಟ್ಟ ಬಾಗಿಲಿನಿಂದ ಬಂದದ್ದು. ಬ್ರಷ್ಷಿನಿಂದ ಉಜ್ಜಿ ತೆಗೆದು ಮತ್ತೆ ಚಾಲೂ ಮಾಡಿದ. ಚೀಟಿ ಹಿಡಿಯುವುದೇ ತಡ, ಬೀಪ್.

ಆ ಧೂಳಿನ ಚಕ್ಕೆ ಹಿಡಿದುಕೊಂಡೇ ಹಾಲಿಗೆ ಹೋದ. "ನಿಮ್ ಕೈ ನಿಧಾನ ಆಗಿರ್ಲಿಲ್ಲ. ನನ್ ಪೆಟ್ಟಿಗೆ ಆಗಿತ್ತು. ನಂಗೆ ಗೊತ್ತಿತ್ತು."

ಅತ್ತಿಗೆ ಎದ್ದು ಬಂದಳು. "ಗೊತ್ತಿದ್ದೂ, ನಾನು ಕೈಗೆ ಬಿಸಿನೀರು ಕಾಯ್ಸ್ಕೊಳ್ಳೋದನ್ನ ನೋಡ್ಕೊಂಡು ಉಣ್ತಾ ಕೂತಿದ್ಯೇನೋ?"

ಅವನ ಕಣ್ಣು ತುಂಬಿತು.

"ಅಳ್ಬೇಡ, ನಿನ್ನನ್ನ ಸಮಾಧಾನ ಮಾಡೋಕೆ ನಮ್ಗೆ ಪುರುಸೊತ್ತಿಲ್ಲ. ಅದನ್ನ ಬಿಸಾಕ್ಬೇಡ. ನಡಿ ಮ್ಯಾನೇಜರ್ ಹತ್ರ."

ಮ್ಯಾನೇಜರ್ ಚಕ್ಕೆಯನ್ನೂ ನೋಡಿದ, ಅವರನ್ನೂ ನೋಡಿದ. "ಪೆಟ್ಟಿಗೆ ಬಿಸಿಯಾದ್ರೆ ನಾನು ಬೀಸಣಿಗೆ ಹಿಡ್ಕೊಂಡು ನಿಲ್ಲಲಾ? ಬೀಪ್ ಆಗಿದ್ದಷ್ಟೇ ಲೆಕ್ಕ."

ಅತ್ತಿಗೆಗೆ ಅವಳ ಮಿಷನ್ ಸಿಕ್ಕಿತು, ಯಾರಿಗೂ ಕೂಲಿ ಸಿಗಲಿಲ್ಲ. ಈಗ ಊಟದ ಬಿಡುವಿನಲ್ಲಿ ಹೆಂಗಸರು ಆ ಕೂಲಿಗಾಗಿ ಗೇಟಿನ ಮುಂದೆ ಕೂರುತ್ತಾರೆ. ಎಲ್ಲರಿಗಿಂತ ಹಿಂದೆ, ತಲೆ ತಗ್ಗಿಸಿಕೊಂಡು ಸಿಸ್ಟಂ. ಮನೆಯಲ್ಲಿ ಅತ್ತಿಗೆ ತಟ್ಟೆ ಇಡುತ್ತಾಳೆ, ಮಾತಾಡಿಸುವುದಿಲ್ಲ. ಅದು ಅವನಿಗೆ ಸಲ್ಲಬೇಕಾದ್ದೇ.

ಸಾಕ್ಷಿ ಹೇಳಲು ಅವನಿದ್ದಾನೆ. ಆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುವವರು ನೀವು. ನಾಳೆ ಊಟದ ಹೊತ್ತಿಗೆ ಗೇಟಿಗೆ ಬಂದು, ಅವರ ಪಕ್ಕ ಕೂತು, ಆ ಕೂಲಿ ಕೇಳಿ.