ಚಪ್ಪಾಳೆ ಮೇಷ್ಟ್ರು ಮತ್ತು ಚಿನ್ನದ ಗಂಟಲು

ಟಿವಿ ಸ್ಟುಡಿಯೋದ ಕಾಗದಪತ್ರಗಳಲ್ಲಿ ಅವರ ಹುದ್ದೆಗೆ 'ಪ್ರೇಕ್ಷಕ ಸಮನ್ವಯಾಧಿಕಾರಿ' ಎಂಬ ಉದ್ದನೆಯ ಹೆಸರಿತ್ತು. ಜನರ ಬಾಯಲ್ಲಿ ಅವರು ಚಪ್ಪಾಳೆ ಮೇಷ್ಟ್ರು. ಮೇಷ್ಟ್ರು ಎನ್ನುವುದು ಸುಮ್ಮನೆ ಅಂಟಿಕೊಂಡದ್ದಲ್ಲ. ಹದಿನಾಲ್ಕು ವರ್ಷ ಒಂದು ಶಾಲೆಯಲ್ಲಿ ಡ್ರಿಲ್ ಹೇಳಿಕೊಟ್ಟವರು. ಅವರು ಕೈ ಎತ್ತಿದರೆ ನಾನೂರು ಮಕ್ಕಳು ಏಳುತ್ತಿದ್ದರು, ಇಳಿಸಿದರೆ ಕೂರುತ್ತಿದ್ದರು. ಶಾಲೆ ಮುಚ್ಚಿದ ಮೇಲೆ ಅದೇ ವಿದ್ಯೆ ಹೊತ್ತುಕೊಂಡು ಸ್ಟುಡಿಯೋಗೆ ಬಂದರು. ಇಲ್ಲಿ ಕೂರುವವರು ದೊಡ್ಡವರು, ಅಷ್ಟೇ ವ್ಯತ್ಯಾಸ. ಹೇಳಿದ ಮಾತು ಕೇಳುವುದರಲ್ಲಿ ಮಕ್ಕಳಿಗಿಂತ ವಾಸಿ.

ಎರಡನೇ ಕ್ಯಾಮೆರಾದ ಪಕ್ಕ, ಯಾರ ಕಣ್ಣಿಗೂ ಬೀಳದ ಕಡೆ, ಒಂದು ಮರದ ಸ್ಟೂಲಿನ ಮೇಲೆ ಅವರು ನಿಲ್ಲುತ್ತಿದ್ದರು. ಬಲಗೈ ಎತ್ತಿದರೆ ಚಪ್ಪಾಳೆ. ಎರಡೂ ಕೈ ಎತ್ತಿದರೆ ಎದ್ದು ನಿಂತು ಚಪ್ಪಾಳೆ. ಬೆರಳು ಗಿರಗಿರ ತಿರುಗಿಸಿದರೆ ನಗು. ಎದೆಯ ಮೇಲೆ ಅಂಗೈ ಇಟ್ಟರೆ ಕಣ್ಣು ಒದ್ದೆಯಾಗಬೇಕು. ಅಳು ಎಲ್ಲರಿಗೂ ಬರುವಂಥದ್ದಲ್ಲವಾದ್ದರಿಂದ, ಅಳುವ ಮುಖಗಳನ್ನು ಬಾಗಿಲಲ್ಲೇ ಗುರುತು ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಹನ್ನೊಂದು ವರ್ಷ ಈ ಕೆಲಸ ಮಾಡಿದರೂ ವೇದಿಕೆಯ ಮೇಲೆ ಏನು ನಡೆಯಿತು ಎಂದು ಅವರು ನೋಡಿದ್ದು ಕಡಿಮೆ. ಅವರ ಬೆನ್ನು ಯಾವಾಗಲೂ ಆ ಕಡೆಗೇ.

ಹೀಗಿರುವಾಗ ಚಿನ್ನದ ಗಂಟಲು ವಾಪಸ್ಸು ಬರುವ ಸುದ್ದಿ ಬಂತು. ಇಪ್ಪತ್ತು ವರ್ಷದ ಹಿಂದೆ ಆ ಗಾಯಕನ ಹಾಡು ಕೇಳಿಸದ ಕಿಟಕಿ ಇರಲಿಲ್ಲ. ಪತ್ರಿಕೆಯವರು ಯಾರೋ ಚಿನ್ನದ ಗಂಟಲು ಎಂದು ಬರೆದರು, ಹೆಸರು ನಿಂತಿತು. ಸ್ಟುಡಿಯೋದವರು ಚಿನ್ನವನ್ನು ಬಿಟ್ಟು ಬರೀ ಗಂಟಲು ಎನ್ನುತ್ತಿದ್ದರು. ಆಮೇಲೆ ಸಾಲಾಗಿ ಮೂರು ಹಾಡು ಸದ್ದಿಲ್ಲದೆ ನೆಲ ಕಚ್ಚಿದವು. ತಾನು ತನ್ನೊಳಗೇ ಹುಡುಕಾಟಕ್ಕೆ ಹೊರಟಿದ್ದೇನೆ ಎಂದು ಹೇಳಿಕೆ ಕೊಟ್ಟು ಅವರು ಮರೆಯಾದರು. ಆರು ವರ್ಷ ಹುಡುಕಿ ಏನೂ ಸಿಗದೆ ಹೊರಗೆ ಬಂದರೋ, ಸಿಕ್ಕಿದ್ದು ಸಾಲದೆ ಬಂದರೋ, ಅಂತೂ ಬಂದರು. ಹೊಸ ಹಾಡಿನ ಹೆಸರು 'ನಾನು'. ಪಲ್ಲವಿಯಲ್ಲಿ ಆ ಪದ ಹದಿನೇಳು ಸಲ ಬರುತ್ತಿತ್ತು. ಮಿಕ್ಕ ಪದಗಳು ಅದಕ್ಕೆ ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದಿದ್ದವು.

ಈ ಸುದ್ದಿಗೆ ಮೇಷ್ಟ್ರ ಮನೆಯಲ್ಲಿ ಎದ್ದು ಕುಣಿಯುವಷ್ಟು ಸಂತೋಷಪಟ್ಟವರು ಅವರ ಅತ್ತೆ. ಮಗಳ ಮನೆಗೆ ಬಂದು ನೆಲೆಸಿ ಒಂಬತ್ತು ವರ್ಷವಾಗಿತ್ತು. ಅವರ ಬೀರುವಿನ ಬಾಗಿಲ ಒಳಗೆ ಗಾಯಕನ ಫೋಟೋ ಅಂಟಿಸಿತ್ತು, ತೀರಿಹೋದ ಗಂಡನ ಫೋಟೋಗಿಂತ ಒಂದು ಗೇಣು ಮೇಲೆ.

"ಅಳಿಯಂದ್ರೇ, ಇಷ್ಟು ವರ್ಷದಲ್ಲಿ ನಾನು ನಿಮ್ಮನ್ನ ಏನಾದ್ರೂ ಕೇಳಿದ್ದೀನಾ?" ಎಂದರು ಅತ್ತೆ.

ಕೇಳಿದ್ದ ಪಟ್ಟಿ ಉದ್ದವಾಗಿಯೇ ಇತ್ತು. ಮೇಷ್ಟ್ರು ಅದನ್ನು ನುಂಗಿಕೊಂಡು, "ಮುಂದಿನ ಸಾಲಲ್ಲೇ ಕೂರಿಸ್ತೀನಿ ಅತ್ತೆ. ಆದ್ರೆ ಮಾತಾಡಬಾರದು, ನೇರ ಪ್ರಸಾರ," ಎಂದರು.

"ಅವರು ಹಾಡೋವಾಗ ನಾನು ಮಾತಾಡ್ತೀನಾ? ಉಸಿರೂ ಬಿಡಲ್ಲ."

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು, ಅಂದರೆ ಮೇಷ್ಟ್ರ ಹೆಂಡತಿ, ಪಕ್ಕದಲ್ಲೇ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. "ಉಸಿರು ಬಿಡಮ್ಮ, ಇಲ್ಲಾಂದ್ರೆ ನಮ್ಮ ವಾರ್ಡಿಗೆ ಬರ್ತೀಯ," ಎಂದಳು.

ಸಂಜೆ ಏಳಕ್ಕೆ ಕಾರ್ಯಕ್ರಮ. ಆರು ಗಂಟೆಗೆ ನಿರ್ದೇಶಕಿ ಮೇಷ್ಟ್ರನ್ನು ಕರೆದು ಚೀಟಿ ಕೊಟ್ಟರು. ಮೊದಲ ಚರಣಕ್ಕೆ ಬೆರಗು, ಎರಡನೆಯದಕ್ಕೆ ಕಣ್ಣೀರು, ಮೂರೂವರೆ ನಿಮಿಷಕ್ಕೆ ಎಲ್ಲರೂ ಎದ್ದು ನಿಲ್ಲಬೇಕು. ದಾರಿಯಲ್ಲಿ ಸೌಂಡಿನವನು ಸಿಕ್ಕಿದ.

"ಗಂಟಲು ಬಂತಾ?" ಎಂದರು ಮೇಷ್ಟ್ರು.

"ಬಂದು ಬಿಸಿನೀರು ಕುಡೀತಾ ಕೂತಿದೆ. ಹಾಡೋದು ನನ್ನ ಪೆಟ್ಟಿಗೆ, ಬಿಸಿನೀರು ಅವರಿಗೆ."

ಮೇಷ್ಟ್ರಿಗೆ ಇದೇನೂ ಹೊಸದಲ್ಲ. ವೇದಿಕೆಗೆ ಬರುವ ಹತ್ತರಲ್ಲಿ ಎಂಟು ಜನ ಮೊದಲೇ ಮುದ್ರಿಸಿದ ಹಾಡಿಗೆ ಬಾಯಿ ಆಡಿಸಿ ಹೋಗುವವರೇ.

ದೀಪಗಳು ಆರಿ ಒಂದೇ ಒಂದು ಬೆಳಕು ಉಳಿಯಿತು. ಆ ಬೆಳಕಿನೊಳಗೆ ಗಾಯಕರು ಬಿಳಿ ಕೋಟು ತೊಟ್ಟು ನಿಂತಿದ್ದರು. ಕೂದಲಿಗೆ ಮಾತ್ರ ಆರು ವರ್ಷದಲ್ಲಿ ವಯಸ್ಸು ಇಳಿದಿತ್ತು. ಹಾಡು ಶುರುವಾಯಿತು. ಮೇಷ್ಟ್ರು ಬೆರಗು ಬರಿಸಿದರು, ಎದೆಯ ಮೇಲೆ ಕೈಯಿಟ್ಟು ಮೂರ್ನಾಲ್ಕು ಜನರ ಕಣ್ಣು ಒದ್ದೆ ಮಾಡಿಸಿದರು. ಅತ್ತೆಗೆ ಹೇಳುವ ಅಗತ್ಯವೇ ಬೀಳಲಿಲ್ಲ. ಅವರು ಹಾಡಿನ ಮೊದಲ ಸಾಲಿಗೇ ಅಳುತ್ತಿದ್ದರು.

ಎರಡು ನಿಮಿಷ ದಾಟಿರಬೇಕು, ಪೆಟ್ಟಿಗೆ ಕೈಕೊಟ್ಟಿತು. ವಾದ್ಯ ನಿಂತಿತು, ಹಾಡೂ ನಿಂತಿತು. ಗಾಯಕರು ಮಾತ್ರ ಕಣ್ಣು ಮುಚ್ಚಿಕೊಂಡು ಆ ನಿಶ್ಶಬ್ದದೊಳಗೆ ಇನ್ನೆರಡು ಸಲ 'ನಾನು' ಎಂದು ಬಾಯಿ ತೆರೆದು ಮುಚ್ಚಿದರು. ಆಮೇಲೆ ಗೊತ್ತಾಗಿ, ತೆರೆದ ಬಾಯಿ ಹಾಗೇ ಬಿಟ್ಟು ನಿಂತರು. ಇನ್ನೂರು ಜನ ಮೇಷ್ಟ್ರ ಕೈಯನ್ನೇ ನೋಡುತ್ತಿದ್ದರು. ಚೀಟಿಯಲ್ಲಿ ಇದಕ್ಕೆ ಏನೂ ಬರೆದಿರಲಿಲ್ಲ.

ಆ ಮೌನದಲ್ಲಿ ಮುಂದಿನ ಸಾಲಿನಿಂದ, ನೇರವಾಗಿ ಮೇಲೆ ತೂಗುತ್ತಿದ್ದ ಮೈಕಿನೊಳಕ್ಕೆ, ಅತ್ತೆಯ ದನಿ ಹೋಯಿತು.

"ಕರೆಂಟು ಹೋಯ್ತಾ, ಅಳಿಯಂದ್ರೇ?"

ಅತ್ತೆ ಇನ್ನೊಂದು ಮಾತಾಡಿದರೆ ತನ್ನ ಕೆಲಸ ಹೋಯಿತು ಎಂಬುದೊಂದೇ ಮೇಷ್ಟ್ರ ತಲೆಯಲ್ಲಿದ್ದದ್ದು. ಎರಡೂ ಕೈಗಳನ್ನು ಮೇಲಕ್ಕೆತ್ತಿಬಿಟ್ಟರು. ಇನ್ನೂರು ಜನ ದಡಬಡ ಎದ್ದು ನಿಂತು ಛಾವಣಿ ಹಾರುವಂತೆ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಸೌಂಡಿನವನು ಪೆಟ್ಟಿಗೆಗೆ ಎರಡು ಗುದ್ದಿ ಹಾಡನ್ನು ಎಬ್ಬಿಸಿದ. ಗಾಯಕರ ಬಾಯಿ ಹೇಗೂ ತೆರೆದೇ ಇತ್ತು.

ಕಾರ್ಯಕ್ರಮ ಮುಗಿದ ಕೂಡಲೇ ಮೇಷ್ಟ್ರ ಕೈಗೆ ನೋಟಿಸು ಬಂತು. ನಿಗದಿತ ಸಮಯಕ್ಕಿಂತ ಮುಂಚೆ ಪ್ರೇಕ್ಷಕರನ್ನು ಎಬ್ಬಿಸಿದ್ದಕ್ಕೆ ಮೂರು ದಿನದೊಳಗೆ ಕಾರಣ ತಿಳಿಸಬೇಕು. ಕಾರಣ ಬರೆಯಲು ಅವರು ಪೆನ್ನು ಹಿಡಿಯುವ ಮೊದಲೇ ಬೆಳಗಾಯಿತು, ಪತ್ರಿಕೆ ಬಂತು. ದೊಡ್ಡ ವಿಮರ್ಶಕರೊಬ್ಬರು ಅರ್ಧ ಪುಟ ಬರೆದಿದ್ದರು. ಹಾಡಿನ ನಡುವಿನ ಆ ಮೌನ ಕಲಾವಿದನ ಆರು ವರ್ಷದ ಅಜ್ಞಾತವಾಸದ ಸಾರವಂತೆ. ಕತ್ತಲಲ್ಲಿ ನಿಂತು ಬೆಳಕು ಹೋಯಿತೇ ಎಂದು ಕೇಳುವ ಅಜ್ಜಿ ಇಡೀ ಸಮಾಜದ ದನಿಯಂತೆ. ಅಳಿಯಂದಿರು ಎಂಬ ಸಂಬೋಧನೆಯಲ್ಲಿ ಕಲಾವಿದನಿಗೂ ಜನರಿಗೂ ಇರುವ ನಂಟು ಅಡಗಿದೆಯಂತೆ. ಮಧ್ಯಾಹ್ನದ ಹೊತ್ತಿಗೆ ಗಾಯಕರೇ ಸಂದರ್ಶನದಲ್ಲಿ ಕೂತು, ಆ ಮೌನ ತಮಗೆ ಧ್ಯಾನದಲ್ಲಿ ಹೊಳೆದದ್ದು, ಅಜ್ಜಿಯ ಪಾತ್ರಕ್ಕೆ ತಕ್ಕವರನ್ನು ಆರಿಸಲು ತುಂಬಾ ಹುಡುಕಬೇಕಾಯಿತು ಎಂದರು. ನಾಲ್ಕು ಗಂಟೆಗೆ ನಿರ್ದೇಶಕಿ ನೋಟಿಸು ವಾಪಸ್ಸು ಪಡೆದರು.

ಊರೆಲ್ಲ ಹೊಗಳಿದ ಅಜ್ಜಿ ಮಾತ್ರ ಮನೆಯಲ್ಲಿ ಮಾತು ಬಿಟ್ಟಿದ್ದರು. ಮೂರನೇ ದಿನ ಬಟ್ಟೆ ಮಡಚುತ್ತಾ ಕೇಳಿದರು.

"ಹಾಡು ನಿಂತ ಮೇಲೂ ಅವರ ಬಾಯಿ ಆಡ್ತಿತ್ತು. ಅಂದ್ರೆ ಅವರು ಹಾಡ್ತಾ ಇರ್ಲಿಲ್ಲ ಅಲ್ವಾ?"

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ಸಾವಿರಾರು ಜನರಿಂದ ಇಲ್ಲದ ನಗು, ಇಲ್ಲದ ಅಳು ತೆಗೆದವರಿಗೆ ಒಬ್ಬ ಅತ್ತೆ ಯಾವ ಲೆಕ್ಕ. ಆದರೆ ಆ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ.

"ಇರ್ಲಿಲ್ಲ ಅತ್ತೆ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನನ್ನ ಅಳಿಸಿದ್ರಾ?" ಎಂದು ಅತ್ತೆ ಬಟ್ಟೆಯತ್ತ ತಿರುಗಿದರು.

ಮುಂದಿನ ವಾರ ಗಾಯಕರು ಮನೆಗೇ ಬಂದರು. ಜೊತೆಯಲ್ಲಿ ಮ್ಯಾನೇಜರು, ಇಬ್ಬರು ಕ್ಯಾಮೆರಾದವರು, ಮತ್ತು ಮನೆಯ ಬಾಗಿಲಲ್ಲಿ ತುರುಕಲೂ ಆಗದಷ್ಟು ದೊಡ್ಡ ಹೂಗುಚ್ಛ. ಅಜ್ಜಿಗೆ ಕೃತಜ್ಞತೆ ಹೇಳುವ ದೃಶ್ಯ ಬೇಕಿತ್ತು. ಗಾಯಕರು ಸೋಫಾದ ಅಂಚಿನಲ್ಲಿ ಕೂತು ಅತ್ತೆಯ ಕೈ ಹಿಡಿದುಕೊಂಡರು. ಮ್ಯಾನೇಜರು ಬೆಳಕು ಸರಿಮಾಡಿಸಿದ.

"ಅಮ್ಮಾ, ಆ ಮೌನ ನಿಮ್ಮೊಳಗೆ ಏನು ಹುಟ್ಟಿಸಿತು, ಹೇಳಿ," ಎಂದರು ಗಾಯಕರು.

"ಅದಿರಲಿ ಕಣಪ್ಪ. ಇಪ್ಪತ್ತು ವರ್ಷದಿಂದ ನಿಮ್ಮನ್ನ ಕೇಳ್ತಿದ್ದೀನಿ. ಒಂದು ಸಾಲು ಹಾಡಿ."

ಗಾಯಕರು ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ಮುಂದೆ ಬಂದು, "ಸರ್ ಗಂಟಲಿಗೆ ವಿಶ್ರಾಂತಿ ಬೇಕು ಅಂತ ಡಾಕ್ಟರು ಹೇಳಿದ್ದಾರೆ, ಅಜ್ಜಿ," ಎಂದ.

ಆಗ ತಾನೇ ಪಾಳಿ ಮುಗಿಸಿ ಬಂದಿದ್ದ ಮಗಳು ಸಮವಸ್ತ್ರದಲ್ಲೇ ಇದ್ದಳು. ಕೈಚೀಲದಿಂದ ಪುಟ್ಟ ಟಾರ್ಚು ತೆಗೆದಳು. "ಬಾಯಿ ತೆಗೀರಿ, ನೋಡೋಣ. ಇನ್ನೂ ಸ್ವಲ್ಪ. ಆ ಅನ್ನಿ."

ಆ ದನಿಗೆ ದಿನಕ್ಕೆ ಐವತ್ತು ರೋಗಿಗಳು ಬಾಯಿ ತೆರೆಯುತ್ತಿದ್ದರು. ಗಾಯಕರೂ ತೆರೆದರು. ನಾಡೆಲ್ಲ ಹಾಡಿ ಹೊಗಳಿದ ಚಿನ್ನದ ಗಂಟಲಿನೊಳಕ್ಕೆ ಅವಳು ಬಗ್ಗಿ ನೋಡಿದಳು.

"ಊತ ಇಲ್ಲ, ಕೆಂಪಾಗಿಲ್ಲ. ಚೆನ್ನಾಗಿದೆ. ಹಾಡಬಹುದು."

ಮ್ಯಾನೇಜರು ಕ್ಯಾಮೆರಾ ಆರಿಸಲು ಸನ್ನೆ ಮಾಡಿದ. ತಪ್ಪಿಸಿಕೊಳ್ಳಲು ದಾರಿಯಿಲ್ಲದೆ ಗಾಯಕರು ಹಳೆಯ ಹಾಡೊಂದರ ಒಂದು ಸಾಲು ಎತ್ತಿಕೊಂಡರು. ಮೊದಲಿಗೆ ಗಾಳಿ ಬಂತು, ಆಮೇಲೆ ಒಂದು ಒಡಕು ದನಿ. ಕೊನೆಯ ಎರಡು ಪದಗಳಲ್ಲಿ ಮಾತ್ರ ಇಪ್ಪತ್ತು ವರ್ಷದ ಹಿಂದಿನ ಮನುಷ್ಯ ಬಾಗಿಲು ಸ್ವಲ್ಪ ಸರಿಸಿ ಇಣುಕಿದಂತಾಯಿತು. ವೇದಿಕೆಗೆ ಬೆನ್ನು ಹಾಕಿಯೇ ಬದುಕಿದ್ದ ಮೇಷ್ಟ್ರು ಆ ಮುಖವನ್ನು ಮೊದಲ ಸಲ ಎದುರಿನಿಂದ ನೋಡಿದರು. ಪರೀಕ್ಷೆಗೆ ಓದದೆ ಬಂದ ಹುಡುಗನ ಮುಖ ಅದು.

ಅತ್ತೆ ಕಣ್ಣು ಮುಚ್ಚಿ ಕೇಳಿದರು. "ಮೇಲೆ ಹೋಗೋವಾಗ ಉಸಿರು ಸಾಲ್ತಿಲ್ಲ. ದಿನಾ ಬೆಳಿಗ್ಗೆ ಹಾಡಿಕೊಳ್ಳಿ," ಎಂದರು.

ಮ್ಯಾನೇಜರು ಎಲ್ಲರನ್ನೂ ಮೆಟ್ಟಿಲಿನತ್ತ ಅವಸರಪಡಿಸಿದ. ಗಾಯಕರು ಬಾಗಿಲಲ್ಲಿ ನಿಂತು, ಮೆಲ್ಲಗೆ ಮಗಳನ್ನು ಕೇಳಿದರು. "ನಿಜವಾಗ್ಲೂ ಗಂಟಲಲ್ಲಿ ಏನೂ ತೊಂದರೆ ಇಲ್ವಾ?"

"ಇಲ್ಲ. ಬಳಸ್ತಿಲ್ಲ, ಅಷ್ಟೇ."

ಟಿವಿಯಲ್ಲಿ ಬಂದದ್ದು ಕೈ ಹಿಡಿದ ದೃಶ್ಯ ಮತ್ತು ಹೂಗುಚ್ಛ. 'ನಾನು' ಹಾಡು ಊರೂರು ಸುತ್ತಿತು. ಪ್ರತಿ ಊರಲ್ಲೂ ಎರಡು ನಿಮಿಷಕ್ಕೆ ಸರಿಯಾಗಿ ಪೆಟ್ಟಿಗೆಯನ್ನು ನಿಲ್ಲಿಸಲಾಯಿತು. ಕರೆಂಟಿನ ಪ್ರಶ್ನೆ ಕೇಳಲು ಅತ್ತೆಯನ್ನು ಕರೆದರು, ಅವರು ಬರುವುದಿಲ್ಲ ಎಂದರು. ಬದಲಿಗೆ ನಾಟಕದ ಕಲಾವಿದೆಯೊಬ್ಬರನ್ನು ನೇಮಿಸಿದರು. ಆಕೆ ಅತ್ತೆಗಿಂತ ಎಷ್ಟೋ ಚೆನ್ನಾಗಿ, ಕೊನೆಯಲ್ಲಿ ಒಂದು ಬಿಕ್ಕು ಸೇರಿಸಿ, ಕೇಳುತ್ತಿದ್ದರು.

ಮೇಷ್ಟ್ರು ಹಾಡಿನ ವಿಭಾಗ ಸಾಕು ಎಂದು ಅರ್ಜಿ ಹಾಕಿ ಕ್ವಿಜ್ ಕಾರ್ಯಕ್ರಮಕ್ಕೆ ಹೋದರು. ಅಲ್ಲಿ ಉತ್ತರ ಸರಿಯಿದ್ದರೆ ಚಪ್ಪಾಳೆ, ತಪ್ಪಿದ್ದರೆ ಇಲ್ಲ, ಕೈಗೂ ಮನಸ್ಸಿಗೂ ಜಗಳವಿಲ್ಲ ಎಂದು ಮನೆಯಲ್ಲಿ ಹೇಳಿ ಹೊರಟಿದ್ದರು. ಮೊದಲ ದಿನವೇ ಅಲ್ಲಿನ ನಿರ್ದೇಶಕರು ಹತ್ತಿರ ಬಂದು ಚೀಟಿ ಕೊಟ್ಟರು.

"ಮೂರನೇ ಕುರ್ಚಿಯವರು ಗೆಲ್ತಾರೆ ಮೇಷ್ಟ್ರೇ. ಜನರಿಗೆ ಈಗಿನಿಂದಲೇ ಅವರ ಮೇಲೆ ಸ್ವಲ್ಪ ಪ್ರೀತಿ ಬರೋ ಹಾಗೆ ನೋಡ್ಕೊಳ್ಳಿ."

ಮೇಷ್ಟ್ರು ಚೀಟಿಯನ್ನು ಎರಡು ಸಲ ಓದಿದರು. ಆಮೇಲೆ ಮಡಚಿ ಜೇಬಿನಲ್ಲಿಟ್ಟುಕೊಂಡು, ಜನರನ್ನು ಒಳಗೆ ಬಿಡಿ ಎಂದರು.